ಸೂಡಿಯಲ್ಲಿ ಹೇಳಿದ ಒಂದು ಖರೇ ಮಾತು

ಮೊನ್ನೆ ರೋಣದ ದವಾಖಾನೆಯಲ್ಲಿ ಮೊಮ್ಮಗಳಿಗೆ ದೇವಿ ಹಾಕಿಸಿಕೊಂಡು ಬಂದೆವು. ಸಿಡುಬು ಬರದಿರಲಿ ಎಂದು ತೋಳಿನ ಮೇಲೆ ಎರಡು ಗೀರು ಹಾಕಿ ಔಷಧ ಸವರುತ್ತಾರೆ, ಅಷ್ಟೇ. ಈಗ ಆ ಔಷಧವನ್ನು ಆಕಳ ಕರುವಿನ ಮೈಯಿಂದ ತೆಗೆಯುತ್ತಾರಂತೆ. ಆಕಳದ್ದು ಎಂದ ಮೇಲೆ ಯಾರದೂ ತಕರಾರಿಲ್ಲ. ಶೆಟ್ಟರೂ ಮಕ್ಕಳ ತೋಳು ಚಾಚುತ್ತಾರೆ, ಆಚಾರ್ಯರೂ ಚಾಚುತ್ತಾರೆ, ನಾವೂ ಚಾಚುತ್ತೇವೆ. ಮನೆಗೆ ಬಂದ ಮೇಲೆ ಸೊಸೆ ಒಂದು ಹಿಡಿ ಬೇವಿನ ತಪ್ಪಲು ತಂದು, ನೊಣ ಬರದಿರಲಿ ಎಂದು ತೊಟ್ಟಿಲ ಹಗ್ಗಕ್ಕೆ ಸಿಕ್ಕಿಸಿದಳು. ಅವಳ ಬೆರಳಲ್ಲಿ ಎಲೆ ಹೊಸಕಿ ಆ ಕಹಿ ವಾಸನೆ ಎದ್ದದ್ದೇ ತಡ, ನಾನು ಎದ್ದು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತೆ. ಅತ್ತೆಗೆ ನಾನು ಮಾಡಿದ್ದು ಯಾವುದೂ ಆಗಿಬರುವುದಿಲ್ಲ ಎಂದು ಅವಳು ಮುಖ ಊದಿಸಿಕೊಂಡಳು. ಪಾಪ, ಬೇವಿನ ಮೇಲೆ ನನಗೇನು ಹಗೆತನ? ಆ ವಾಸನೆ ಬಂದರೆ ಸೂಡಿ ನೆನಪಾಗುತ್ತದೆ. ಸೂಡಿ ನೆನಪಾದ ದಿನ ನನಗೆ ಊಟ ಸೇರುವುದಿಲ್ಲ.

ಅದು ನರಗುಂದದ ಕೋಟೆಯ ಮೇಲೆ ಕಂಪನಿಯ ದಂಡು ಹೋಗುವುದಕ್ಕೆ ಒಂದೆರಡು ವರ್ಷ ಮೊದಲಿನ ಚಳಿಗಾಲ. ನಾವು ಆಗ ಗಜೇಂದ್ರಗಡದಲ್ಲಿ, ಗುಡ್ಡದ ಬುಡಕ್ಕಿದ್ದ ನೇಕಾರರ ಓಣಿಯ ಕಟ್ಟಕಡೆಯ ಮನೆಯಲ್ಲಿದ್ದೆವು. ಮೊದಲು ಓಣಿಯ ನಡುವೆಯೇ ಇದ್ದವರು ನಾವು. ನಮ್ಮವರು ಪಾದ್ರಿಗಳ ಮಾತು ಕೇಳಿ ಕ್ರಿಸ್ತನವರಾದ ಮೇಲೆ, ಅವರ ಹಿಂದೆ ನಾನೂ ಆದ ಮೇಲೆ, ಕಡೆಯ ಮನೆಗೆ ಬಂದೆವು. ನಾವಾಗಿಯೇ ಬಂದೆವು ಎಂದು ನಮ್ಮವರು ಹೇಳಿಕೊಳ್ಳುತ್ತಿದ್ದರು. ಬಾವಿಗೆ ಹೋದಾಗ ಹಗ್ಗ ಎಳೆದುಕೊಂಡು ಹಿಂದೆ ಸರಿದವರ ಮುಖ ನೋಡಿದವಳು ನಾನು, ಆದ್ದರಿಂದ ನಾನು ಹಾಗೆ ಹೇಳುತ್ತಿರಲಿಲ್ಲ. ಮಲ್ಲಪ್ಪ ಎಂಬ ಅವರ ಹೆಸರು ಯೋಹಾನಪ್ಪ ಎಂದಾಯಿತು. ನೀಲವ್ವ ಎಂಬ ನನ್ನ ಹೆಸರು ಮಾರ್ತವ್ವ ಎಂದಾಯಿತು. ಮಗಳು ಸುಗುಣ ಮಾತ್ರ ಹುಟ್ಟಿದಾಗಿನಿಂದ ಒಂದೇ ಹೆಸರಿನವಳು. ಅವಳಿಗೆ ಆಗ ಎರಡು ತುಂಬಿರಲಿಲ್ಲ.

ನಮ್ಮವರು ಮಗ್ಗದ ಕುಣಿಯಲ್ಲಿ ಕಾಲಿಟ್ಟುಕೊಂಡೇ ವಾದ ಮಾಡುವ ಮನುಷ್ಯ. ಲಾಳಿ ಆ ಕಡೆ ಹೋದಾಗ ಪ್ರಶ್ನೆ, ಈ ಕಡೆ ಬಂದಾಗ ಉತ್ತರ. ಗ್ರಹಣ ಹಿಡಿಯುವುದು ರಾಹುವಲ್ಲ, ಬರೀ ನೆರಳು ಎಂದು ಪಾದ್ರಿಗಳು ಒಮ್ಮೆ ದೀಪ ಇಟ್ಟು ಎರಡು ನಿಂಬೆಹಣ್ಣು ತಿರುಗಿಸಿ ತೋರಿಸಿದ್ದರು. ಅಂದಿನಿಂದ ನಮ್ಮವರಿಗೆ ಜಗತ್ತಿನ ಗಂಟುಗಳೆಲ್ಲ ಬಿಚ್ಚಿಹೋದವು. ಸಿಡುಬು ಎಂದರೆ ಅವ್ವ ಮೈಮೇಲೆ ಬರುವುದಲ್ಲ, ಅದೊಂದು ಬೇನೆ, ಅದಕ್ಕೆ ಮದ್ದು ಉಂಟು ಎಂದು ಸಂತೆಯಲ್ಲಿ ನಿಂತು ಹೇಳುತ್ತಿದ್ದರು. ಹೇಳಿ ಸುಮ್ಮನಾಗಿದ್ದರೆ ಒಬ್ಬರಿಬ್ಬರು ಕೇಳುತ್ತಿದ್ದರೇನೋ. ಅದೇ ಉಸಿರಿನಲ್ಲಿ ನಿಮ್ಮ ದೇವಿ ಸುಳ್ಳು, ನಮ್ಮ ಕರ್ತ ಖರೇ ಎಂದೂ ಹೇಳುತ್ತಿದ್ದರು. ಮದ್ದು ಕೇಳಲು ನಿಂತವರು ದೇವಿಯನ್ನು ಬೈದದ್ದು ಕೇಳಿ ನಡೆದುಬಿಡುತ್ತಿದ್ದರು.

ಬಿಳಿಜೋಳ ಮೊಳಕಾಲಿಗೆ ಬಂದ ಹೊತ್ತಿನಲ್ಲಿ ಗೋವಿಂದರಾಯರು ನಮ್ಮೂರಿಗೆ ಬಂದರು. ಸರಕಾರದ ನೌಕರ, ಊರೂರು ತಿರುಗಿ ಮಕ್ಕಳಿಗೆ ದೇವಿ ಹಾಕುವುದು ಅವರ ಕೆಲಸ. ಒಂದು ಕುದುರೆ, ಒಂದು ತಗಡಿನ ಪೆಟ್ಟಿಗೆ, ಮಡಿ ಪಂಚೆಯ ಒಂದು ಗಂಟು. ಮುಂಜಾನೆ ತಣ್ಣೀರು ಸುರಿದುಕೊಂಡು ಸಂಧ್ಯಾವಂದನೆ ಮಾಡಿ, ಹಣೆಗೆ ಗಂಧ ಹಚ್ಚಿ, ಆಮೇಲೆ ಚಾವಡಿಯಲ್ಲಿ ಕೂತು ಎಲ್ಲ ಜಾತಿಯ ಮಕ್ಕಳ ತೋಳು ಹಿಡಿಯುತ್ತಿದ್ದರು. ಕೆಲಸ ಮುಗಿದ ಮೇಲೆ ಮತ್ತೆ ತಣ್ಣೀರು. ನಮ್ಮವರು ಬಿಡುತ್ತಾರೆಯೇ? ಹೋಗಿ ಕೇಳಿಯೇಬಿಟ್ಟರು.

"ರಾಯರ, ಸಿಡುಬು ದೇವಿ ಸಿಟ್ಟಲ್ಲ ಅಂತ ನಿಮಗೂ ಗೊತ್ತೈತಿ. ಮತ್ತ ಮನ್ಯಾಗ ದೇವಿ ಪೂಜಿ ಯಾಕ ಮಾಡ್ತೀರಿ?"

"ಮನ್ಯಾಗ ದೇವಿ ಅದಾಳ, ಚಾವಡ್ಯಾಗ ಸೂಜಿ ಅದ," ಎಂದರು ರಾಯರು. "ಎರಡೂ ಒಂದಕ್ಕೊಂದು ಜಗಳಾಡಿದ್ದು ನಾನಂತೂ ನೋಡಿಲ್ಲ. ನೀವು ಜಗಳ ಹಚ್ಚಬ್ಯಾಡ್ರಿ."

ಆಗಿನ ರೀತಿ ಈಗಿನ ಹಾಗಲ್ಲ. ಔಷಧ ಸೀಸೆಯಲ್ಲಿ ಬರುತ್ತಿರಲಿಲ್ಲ, ಕೂಸಿನ ತೋಳಿನಲ್ಲಿ ಬರುತ್ತಿತ್ತು. ಒಂದು ಕೂಸಿಗೆ ಗೀರು ಹಾಕಿದರೆ ಅಲ್ಲಿ ಗುಳ್ಳೆ ಏಳುತ್ತದೆ. ಎಂಟನೆಯ ದಿನಕ್ಕೆ ಅದು ತಿಳಿನೀರು ತುಂಬಿ ಬಲಿಯುತ್ತದೆ. ಆ ದಿನ ಸೂಜಿಯಿಂದ ಚುಚ್ಚಿ ಆ ನೀರನ್ನು ಮುಂದಿನ ಮಕ್ಕಳ ಗೀರಿಗೆ ಹಚ್ಚಬೇಕು. ಒಂದು ದಿನ ದಾಟಿದರೆ ನೀರು ಕೀವಾಗಿ ಕೆಟ್ಟಿತು. ಅದಕ್ಕೇ ಬಲಿತ ಗುಳ್ಳೆಯ ಕೂಸನ್ನು ತಾಯಿಯ ಸಮೇತ ಗಾಡಿಯಲ್ಲಿ ಕೂರಿಸಿ ಊರಿಂದ ಊರಿಗೆ ಒಯ್ಯುವುದು ರೂಢಿ. ಹೋದ ಊರಿನಲ್ಲಿ ಮೊದಲ ಪ್ರಶ್ನೆಯೂ ಒಂದೇ: ಇದು ಯಾರ ಕೂಸು? ಒಬ್ಬರ ಮೈಯ ನೀರು ಇನ್ನೊಬ್ಬರ ಮೈಗೆ ಹೋಗುವುದಲ್ಲವೇ? ತಾವು ನೀರೂ ಕುಡಿಯಲೊಲ್ಲದ ಮನೆಯ ನೆತ್ತರನ್ನು ತಮ್ಮ ಮಗುವಿನ ತೋಳಿಗೆ ಯಾರು ಹಾಕಿಸಿಕೊಂಡಾರು? ಈ ಪ್ರಶ್ನೆ ದಾಟಿಸುವುದರಲ್ಲೇ ರಾಯರ ಅರ್ಧ ಆಯುಷ್ಯ ಹೋಗಿತ್ತು.

ರೋಣದಿಂದ ಅವರು ಒಂದು ಕೂಸನ್ನು ಕರೆತಂದಿದ್ದರು. ಗಜೇಂದ್ರಗಡದಲ್ಲಿ ಯಾರೂ ಚಾವಡಿಯ ಮೆಟ್ಟಿಲು ಹತ್ತಲಿಲ್ಲ. ಆಗ ನರಗುಂದದ ಕಡೆಯಿಂದ ದಿನಕ್ಕೊಂದು ಗಾಳಿಮಾತು ಬರುತ್ತಿತ್ತು. ಸರಕಾರ ಎಲ್ಲರನ್ನೂ ಒಂದೇ ಜಾತಿ ಮಾಡುತ್ತದಂತೆ, ತೋಳಿನ ಮೇಲಿನ ಕಲೆಯೇ ಅದಕ್ಕೆ ಗುರುತಂತೆ, ಮುಂದೆ ಗುರುತಿದ್ದವರನ್ನೆಲ್ಲ ಹಿಡಿದು ಕಿರಿಸ್ತಾನರನ್ನು ಮಾಡುತ್ತದಂತೆ. ಮೆಟ್ಟಿಲು ಹತ್ತಿದ್ದು ನಾವೊಬ್ಬರೇ. ಕಿರಿಸ್ತಾನರೇ ಮೊದಲು ಹೋಗಿ ತೋಳು ಚಾಚಿದ್ದನ್ನು ಕಂಡ ಮೇಲೆ ಆ ಗಾಳಿಮಾತು ಗಟ್ಟಿಯಾಯಿತು. ಹೀಗಾಗಿ ಅಷ್ಟು ದೊಡ್ಡ ಊರಿನಲ್ಲಿ ದೇವಿ ಹಾಕಿಸಿದ ತೋಳು ನನ್ನ ಸುಗುಣಳದ್ದು ಒಂದೇ ಆಯಿತು.

ಆ ವಾರದಲ್ಲೇ ಲಕ್ಕಲಕಟ್ಟಿಯ ಕಡೆ ಸಿಡುಬು ಬಿದ್ದ ಸುದ್ದಿ ಬಂತು. ಲಕ್ಕಲಕಟ್ಟಿ ನನ್ನ ತವರು. ಅಪ್ಪ ಅವ್ವ ತೀರಿಹೋಗಿದ್ದರು, ನನಗೆ ಉಳಿದವಳು ಅಕ್ಕ ಗಂಗವ್ವ ಒಬ್ಬಳೇ. ಅವಳನ್ನು ಸೂಡಿಗೆ ಕೊಟ್ಟಿದ್ದರು. ನಾನು ಜಾತಿ ಬಿಟ್ಟ ಮೇಲೆ ಅವಳಿಂದ ಒಂದು ಮಾತು ಬಂದಿರಲಿಲ್ಲ. ಅವಳಿಗೊಬ್ಬ ಮಗ ಹುಟ್ಟಿದ್ದಾನೆ, ಈರಣ್ಣ ಎಂದು ಹೆಸರಿಟ್ಟಿದ್ದಾರೆ ಎಂದು ಸಂತೆಯಲ್ಲಿ ಯಾರೋ ಹೇಳಿ ಕೇಳಿದ್ದೆ. ಆ ಮಗುವಿನ ಮುಖ ನಾನು ನೋಡಿರಲಿಲ್ಲ.

ಒಂದು ಮಧ್ಯಾಹ್ನ ರಾಯರು ನಮ್ಮ ಬಾಗಿಲಿಗೆ ಬಂದು ಹೊರಗೇ ನಿಂತು ಕೂಗಿದರು. ಸೂಡಿಯ ಗೌಡರ ತಾಯಿ ಒಪ್ಪಿದ್ದಾರೆ, ಅವರು ಒಪ್ಪಿದರೆ ಊರೇ ಒಪ್ಪಿದ ಹಾಗೆ. ಹಿಂದೊಮ್ಮೆ ಸಿಡುಬಿನಲ್ಲಿ ಮಗಳನ್ನು ಕಳೆದುಕೊಂಡ ಹೆಣ್ಣುಮಗಳು ಅವರು. ನಾಳಿದ್ದು ಸುಗುಣಳ ಗುಳ್ಳೆ ಬಲಿಯುವ ದಿನ. ಅಷ್ಟರೊಳಗೆ ಕೂಸನ್ನು ಸೂಡಿಗೆ ಮುಟ್ಟಿಸಿದರೆ ಅಲ್ಲಿನ ಮಕ್ಕಳೆಲ್ಲ ಉಳಿಯುತ್ತಾರೆ, ಅವರ ತೋಳಿನಿಂದ ಸುತ್ತಲಿನ ಹಳ್ಳಿಗಳೂ ಉಳಿಯುತ್ತವೆ.

"ಒಂದ ಮಾತು," ಎಂದರು ರಾಯರು. "ಅಲ್ಲಿ ಯಾರೂ ದೇವರ ಸುದ್ದಿ ತಗೀಬಾರದು. ಯಾರ ಕೂಸು ಅಂತ ಕೇಳಿದ್ರ ನಾ ಹೇಳ್ತೀನಿ, ಸರಕಾರದ ಕೂಸು ಅಂತ."

ನಮ್ಮವರು ಲಾಳಿ ಕೆಳಗಿಟ್ಟರು. "ಯಾಕ್ರಿ, ಹೇಳಿದ್ರೇನಾತು? ಕಿರಿಸ್ತಾನರ ಕೂಸಿನಿಂದ ಊರು ಉಳೀತು ಅಂತ ಗೊತ್ತಾಗಲಿ. ಸರಕಾರದವ್ರೂ ನಮ್ಮ ದೇವರನ್ನ ನಂಬಿದವ್ರ ಅಲ್ಲೇನು? ನೀವ್ಯಾಕ ಅಂಜತೀರಿ?"

"ಸರಕಾರ ನಿಮ್ಮದಂತ ಊರ ಮಂದಿ ತಿಳಿದಾರ. ನೀವೂ ಹಂಗ ತಿಳಿದೀರಿ. ಅದ ಗೋಳು," ಎಂದರು ರಾಯರು. "ಸಾಹೇಬರು ಆದಿತ್ಯವಾರ ಯಾವ ಗುಡಿಗೆ ಹೋಗ್ತಾರೋ ಹೋಗಲಿ. ನನಗ ಕೊಟ್ಟ ಹುಕುಮು ಎರಡು. ಯಾರಿಗೂ ಜುಲುಮೆ ಮಾಡಬಾರದು, ಯಾರ ಧರ್ಮದ ಮಾತೂ ಆಡಬಾರದು. ನನ್ನ ಸೂಜಿಗೆ ಧರ್ಮ ಇಲ್ಲ ಯೋಹಾನಪ್ಪ. ಇದ್ದಿದ್ರ ಇಷ್ಟೊತ್ತಿಗೆ ಅದು ಮೊಂಡಾಗತಿತ್ತು."

ಮರುದಿನ ಗಾಡಿ ಹತ್ತುವಾಗ ನಮ್ಮವರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ನೀನಾಗಿ ಹೇಳಬ್ಯಾಡ. ಕೇಳಿದ್ರ ಮಾತ್ರ ಸುಳ್ಳು ಹೇಳಬ್ಯಾಡ. ಆತೇನು?" ನಾನು ತಲೆಯಾಡಿಸಿದೆ. ಇದರಲ್ಲಿ ಕಷ್ಟವೇನಿದೆ ಎಂದು ಆಗ ಅನಿಸಿತ್ತು.

ಸೂಡಿ ತಲುಪಿದಾಗ ಸಂಜೆ. ಎರೆಹೊಲದ ಮೇಲಿಂದ ಚಳಿಗಾಳಿ ಬೀಸುತ್ತಿತ್ತು, ಕುಸುಬೆ ಹೂವಿಗೆ ಬಂದಿತ್ತು. ಕೂಸಿನ ಮುಖ ತೊಳೆಯಲೆಂದು ಹಳೆಯ ಬಾವಿಯ ಮೆಟ್ಟಿಲಿಳಿದರೆ ಎದುರಿಗೆ ಕೊಡ ಹೊತ್ತ ಅಕ್ಕ. ನಾಲ್ಕು ವರ್ಷ ಮಾತಾಡದಿದ್ದವಳು ಕೊಡ ಅಲ್ಲೇ ಇಳಿಸಿ, ಸುಗುಣಳನ್ನು ನನ್ನ ಕೈಯಿಂದ ಕಿತ್ತುಕೊಂಡು ಎದೆಗೊತ್ತಿಕೊಂಡಳು. "ಮುಖ ನಮ್ಮವ್ವಂದ ಐತಿ ನೋಡ," ಎಂದಳು. ಆಮೇಲೆ ಇಬ್ಬರೂ ಅತ್ತೆವು. ಅತ್ತು ಮುಗಿದ ಮೇಲೆ ಅವಳು ನನ್ನನ್ನು ಹಿತ್ತಲ ದಾರಿಯಿಂದ ಮನೆಗೆ ಕರೆದುಕೊಂಡು ಹೋದಳು.

ನನಗಿದ್ದದ್ದು ಅವಳ ಅತ್ತೆಯ ಅಂಜಿಕೆ. ಆ ಮುದುಕಿಗೆ ನನ್ನ ಕಥೆಯೆಲ್ಲ ಗೊತ್ತಿತ್ತು. ಮಡಿ ಮೈಲಿಗೆಯಲ್ಲಿ ಊರಿಗೇ ಮೇಲು ಎನಿಸಿಕೊಂಡವಳು. ದನದ ಕೊಟ್ಟಿಗೆಯಲ್ಲಿ ನಮಗೆ ಕಂಬಳಿ ಹಾಸಿಕೊಟ್ಟು, ಮುಖ ಆ ಕಡೆ ತಿರುಗಿಸಿ, ಎಮ್ಮೆಯ ಜೊತೆ ಮಾತಾಡುವವಳ ಹಾಗೆ ಮಾತಾಡಿದಳು.

"ನನಗೇನೂ ಗೊತ್ತಿಲ್ಲ. ಗಜೇಂದ್ರಗಡದಿಂದ ನಮ್ಮ ಪೈಕಿ ಹೆಣ್ಮಗಳೊಬ್ಬಾಕಿ ಬಂದಾಳ, ಅಷ್ಟ. ನಾಳೆ ಮುಂಜಾನಿ ಹುಡುಗನ ತೋಳಿಗೆ ಒಂದು ಗೀರು ಬಿತ್ತಂದ್ರ ಮುಗೀತು. ಆಮ್ಯಾಲ ನಾ ಮನಿ ಸಾರಿಸಿ, ಜಳಕಾ ಮಾಡಿ, ದೇವರಿಗೆ ತಪ್ಪಾತಂತ ಕೈ ಮುಗೀತೀನಿ. ದೇವರು ನನಗ ಹೊಸಬನೇನು? ತಿಳಕೋತಾನ."

ಆಗ ಈರಣ್ಣ ಒಳಗಿನಿಂದ ಓಡಿಬಂದು ನನ್ನ ಎದುರಿಗೆ ನಿಂತ. ಮೂರು ವರ್ಷದ ಹುಡುಗ, ಮೂಗು ಸೋರುತ್ತಿತ್ತು. ಕಣ್ಣು ಇಷ್ಟಗಲ. "ಇಕಿ ಯಾರು?" ಎಂದು ಅವ್ವನನ್ನು ಕೇಳಿದ. "ನಿನ್ನ ಸಣ್ಣವ್ವ," ಎಂದಳು ಅಕ್ಕ. ಅವನು ತಿನ್ನುತ್ತಿದ್ದ ಎಳೆ ಕಡಲೆಯ ಗಿಡವನ್ನು ಸುಗುಣಳ ಕೈಗಿಟ್ಟು ಹೋದ.

ಮುಂಜಾನೆ ಅಕ್ಕನ ಅತ್ತೆಯೇ ಬಂದು ಸುಗುಣಳ ಹಣೆಗೆ ವಿಭೂತಿ ಎಳೆದಳು. ನನ್ನ ಹಣೆಗೆ ಅಕ್ಕ ಕುಂಕುಮ ಇಟ್ಟಳು. ನಾನು ಬೇಡ ಎನ್ನಲಿಲ್ಲ, ಒರೆಸಿಕೊಳ್ಳಲಿಲ್ಲ. ಇದನ್ನು ಇಲ್ಲಿ ಬರೆಯಲೇಬೇಕು. ಆ ಮುಂಜಾನೆ ನಾನು ಅಷ್ಟರಮಟ್ಟಿಗೆ ಸುಳ್ಳಾಗಿಯೇ ಮನೆ ಬಿಟ್ಟಿದ್ದೆ. ಹಣೆ ಸುಳ್ಳು ಹೇಳಿದರೆ ಹೇಳಲಿ, ಬಾಯಿ ಹೇಳಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಗುಡಿಯ ಮುಂದಿನ ಬೇವಿನ ಮರದ ಕೆಳಗೆ ತಾಯಂದಿರು ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಸೇರಿದ್ದರು. ಅಷ್ಟು ಮಂದಿ ಸೇರಿದ್ದನ್ನು ಕಂಡು ರಾಯರ ಮುಖ ಹಿಗ್ಗಿತ್ತು. ಪೆಟ್ಟಿಗೆ ತೆಗೆದು ಸೂಜಿ ಒರೆಸುತ್ತ ಕೂತರು. ಎಲ್ಲರಿಗಿಂತ ಮುಂದೆ ಗೌಡರ ತಾಯಿ, ಎರಡು ಮೊಮ್ಮಕ್ಕಳನ್ನು ಎರಡು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಅವರ ಹಿಂದೆ ಅಕ್ಕ, ಅಕ್ಕನ ಅತ್ತೆ, ಈರಣ್ಣ. ರಾಯರು ಸುಗುಣಳ ತೋಳಿನ ಬಟ್ಟೆ ಸರಿಸಿದರು. ಗುಳ್ಳೆ ಮುತ್ತಿನ ಹಾಗೆ ತುಂಬಿ ನಿಂತಿತ್ತು. "ಭಾಳ ಚಲೋ ಬಂದದ," ಎಂದರು. ಗೌಡರ ತಾಯಿ ಅದನ್ನು ನೋಡಿದರು, ನನ್ನ ಮುಖ ನೋಡಿದರು, ಕನಿಕರದಿಂದಲೇ ಕೇಳಿದರು.

"ದೂರದಿಂದ ಕೂಸಿನ್ನ ಕರಕೊಂಡ ಬಂದೀಯವಾ. ನಿನ್ನ ಹೊಟ್ಟಿ ತಣ್ಣಗಿರಲಿ. ಯಾವ ಪೈಕಿ ನೀವು?"

"ಸರಕಾರದ ಕೂಸು ಅದು," ಎಂದರು ರಾಯರು ತಟ್ಟನೆ. "ಪೈಕಿ ಗಿಯ್ಕಿ ಏನೂ ಇಲ್ಲ. ಹೊತ್ತಾಗ್ತದ, ಮುಂದ ಬರ್ರಿ."

"ಇರ್ರಿ ರಾಯರ. ನಾ ಆಕೀನ ಕೇಳತೀನಿ."

ಅಕ್ಕನ ಅತ್ತೆ ಹಿಂದಿನಿಂದ, "ನಮ್ಮ ಪೈಕಿರಿ ಅಮ್ಮಾರ, ನಮ್ಮ ಸೊಸಿ ಕಡಿಯಾಕಿ," ಎಂದಳು. ಜನ್ಮದಲ್ಲಿ ಸುಳ್ಳಾಡದ ಮುದುಕಿ ಅಷ್ಟು ಮಂದಿಯ ನಡುವೆ ನನಗೋಸ್ಕರ, ಅಲ್ಲ, ಮೊಮ್ಮಗನಿಗೋಸ್ಕರ ಆಡಿದ ಮಾತು ಅದು. ಅದು ಪೂರಾ ಸುಳ್ಳೂ ಆಗಿರಲಿಲ್ಲ. ನಾನು ಹೌದ್ರಿ ಎಂದಿದ್ದರೆ ಸಾಕಾಗಿತ್ತು. ಸುಮ್ಮನೆ ತಲೆ ತಗ್ಗಿಸಿದ್ದರೂ ಸಾಕಾಗಿತ್ತು. ಗೌಡರ ತಾಯಿ ಆಗಲೇ ಒಂದು ಮೊಮ್ಮಗುವಿನ ಅಂಗಿಯ ತೋಳು ಮೇಲೆ ಸರಿಸುತ್ತಿದ್ದರು.

"ನಾವು ಕ್ರಿಸ್ತನವರ್ರಿ," ಎಂದೆ ನಾನು.

ಯಾಕೆ ಹೇಳಿದೆ? ಆಗ ಕೇಳಿದ್ದರೆ ಕರ್ತನನ್ನು ಮಂದಿಯ ಮುಂದೆ ಅಲ್ಲಗಳೆಯಲು ನಾಲಿಗೆ ಬರಲಿಲ್ಲ ಎನ್ನುತ್ತಿದ್ದೆ. ನಮ್ಮವರು ಮನೆಯಲ್ಲಿ ಕೇಳಿದರೆ ಏನು ಹೇಳಲಿ ಎಂಬ ಅಂಜಿಕೆಯೂ ಇತ್ತು. ಇಷ್ಟೇ ಆಗಿದ್ದರೆ ನನ್ನ ಮೇಲೆ ನನಗಿಷ್ಟು ಸಿಟ್ಟು ಇರುತ್ತಿರಲಿಲ್ಲ. ನಾಲ್ಕು ವರ್ಷ ಬಾವಿಯಲ್ಲಿ, ಸಂತೆಯಲ್ಲಿ, ಓಣಿಯಲ್ಲಿ ಹಿಂದೆ ಸರಿದು ನಿಂತು ನಿಂತು ನನ್ನೊಳಗೆ ಒಂದು ಹಟ ಬೆಳೆದಿತ್ತು. ಅಂದು ಊರಿಗೆ ಊರೇ ನನ್ನ ಮಗಳ ತೋಳಿಗಾಗಿ ಕಾದು ನಿಂತಿತ್ತು. ಈಗ ಹೇಳುತ್ತೇನೆ, ಈಗ ಏನು ಮಾಡುತ್ತಾರೋ ನೋಡೋಣ ಎಂಬ ಸೊಕ್ಕು ಆ ಮಾತಿನಲ್ಲಿ ಇತ್ತು. ಎಷ್ಟು ಪಾಲು ಭಕ್ತಿ, ಎಷ್ಟು ಪಾಲು ಸೊಕ್ಕು ಎಂದು ಇಷ್ಟು ವರ್ಷ ಅಳೆದರೂ ಲೆಕ್ಕ ಹತ್ತಿಲ್ಲ.

ಯಾರೂ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಗೌಡರ ತಾಯಿ ಸರಿಸಿದ್ದ ತೋಳನ್ನು ಮೆಲ್ಲಗೆ ಕೆಳಗೆ ಎಳೆದರು. "ಖರೇ ಹೇಳಿದಿ, ಚಲೋ ಆತವಾ. ಆದರ ನಮ್ಮ ಕೂಸುಗೋಳಿಗೆ ಬ್ಯಾಡ," ಎಂದು ಎದ್ದರು. ಅವರು ಎದ್ದ ಮೇಲೆ ಉಳಿದವರೂ ಎದ್ದರು. ರಾಯರು ಕೈ ಮುಗಿದು ಎಲ್ಲರ ಮುಂದೆ ಅಡ್ಡಾಡಿದರು. ಆ ನೀರಿಗೆ ಜಾತಿಯಿಲ್ಲ ಎಂದರು, ತಮ್ಮ ಸ್ವಂತ ಮೊಮ್ಮಗನಿಗೆ ಒಬ್ಬ ಕುರುಬರ ಕೂಸಿನಿಂದ ಹಾಕಿದ್ದೇನೆ ಎಂದರು. ನರಗುಂದದ ಮಾತು ಖರೇನೇ ಐತಿ ನೋಡು ಎಂದು ಹಿಂದೆ ಯಾರೋ ಅಂದದ್ದು ಕೇಳಿಸಿತು. ಅಕ್ಕ ಕಡೆಯವರೆಗೂ ಕೂತೇ ಇದ್ದಳು. ಅವಳ ಅತ್ತೆ ಬಂದು ಅವಳ ಮಡಿಲಿನಿಂದ ಈರಣ್ಣನನ್ನು ಎತ್ತಿಕೊಂಡಳು. "ಎಲ್ಲಾರೂ ಕೇಳಿಸಿಕೊಂಡ್ರಲ್ಲ ಗಂಗಾ, ಇನ್ನ ನಾ ಏನ ಮಾಡಲಿ," ಎಂದಳು.

ಮಧ್ಯಾಹ್ನ ಅಕ್ಕ ಒಬ್ಬಳೇ ರಾಯರ ಹತ್ತಿರ ಓಡಿಬಂದಳು. ಹಿತ್ತಲಿಗೆ ಬನ್ನಿರಿ, ಯಾರಿಗೂ ಕಾಣದ ಹಾಗೆ ನನ್ನ ಮಗನಿಗೆ ಹಾಕಿರಿ ಎಂದು ಸೆರಗೊಡ್ಡಿದಳು. ರಾಯರು ಅವಳ ಗಂಡನನ್ನು ಕೇಳಿ ಬಾ ಎಂದರು. ಗಂಡ ಒಲ್ಲೆನೆಂದ. ನಾಳೆ ಊರಲ್ಲಿ ನೀರು ಬೆಂಕಿ ನಿಲ್ಲಿಸಿದರೆ ಎಲ್ಲಿಗೆ ಹೋಗುವುದು ಎಂದ. ತಂದೆ ಒಲ್ಲೆನೆಂದ ಕೂಸಿಗೆ ಸೂಜಿ ಮುಟ್ಟಿಸುವ ಹಾಗಿರಲಿಲ್ಲ, ಅದು ಜುಲುಮೆ ಎಂದು ಹುಕುಮು ಹೇಳುತ್ತಿತ್ತು. ಆ ಹುಕುಮು ಒಳ್ಳೆಯದೇ ಎಂದು ನನಗೆ ಇಂದಿಗೂ ಅನಿಸುತ್ತದೆ. ಆದರೆ ಅಂದು ರಾಯರು ಹುಕುಮನ್ನು ಮೀರಲಿ ಎಂದು ನಾನು ದೇವರನ್ನು ಬೇಡಿಕೊಂಡೆ. ಮೀರಲಿಲ್ಲ. ಗುಳ್ಳೆಯ ನೀರನ್ನು ಒಂದು ಗಾಜಿನ ಚೂರಿಗೆ ಹಚ್ಚಿಕೊಂಡು ಅವರು ರೋಣದ ದಾರಿ ಹಿಡಿದರು. ಅದು ದಾರಿಯಲ್ಲೇ ಒಣಗಿ ಕೆಟ್ಟಿತೆಂದು ಆಮೇಲೆ ತಿಳಿಯಿತು. ಹೊರಡುವಾಗ ನನ್ನ ಕಡೆ ನೋಡಲೂ ಇಲ್ಲ.

ಗಜೇಂದ್ರಗಡಕ್ಕೆ ಬಂದು ನಡೆದದ್ದು ಹೇಳಿದೆ. ನಮ್ಮವರ ಕಣ್ಣಲ್ಲಿ ನೀರು ಬಂತು, ಸಂತೋಷದ ನೀರು. ಮುಂದಿನ ತಿಂಗಳು ಪಾದ್ರಿಗಳು ಬಂದಾಗ ನನ್ನನ್ನು ಪ್ರಾರ್ಥನೆಯ ನಡುವೆ ಎಬ್ಬಿಸಿ ನಿಲ್ಲಿಸಿದರು. ಇಷ್ಟು ಜನರ ಎದುರು ಒಬ್ಬ ಹೆಣ್ಣುಮಗಳು ಅಂಜದೆ ಸಾಕ್ಷಿ ಹೇಳಿದ್ದಾಳೆ, ಇವಳನ್ನು ನೋಡಿ ಕಲಿಯಿರಿ ಎಂದರು. ನಾನು ನಾಚಿಕೊಂಡೆ, ಆದರೆ ಹಿಗ್ಗಿದೆ. ಹದಿನೈದು ದಿನವಾದರೂ ಆ ಹಿಗ್ಗಿನಲ್ಲೇ ಓಡಾಡಿದೆ. ಉಳಿದೆಲ್ಲಕ್ಕಿಂತ ಆ ಹದಿನೈದು ದಿನ ನೆನೆದರೆ ನನಗೆ ಮೈ ಉರಿಯುತ್ತದೆ. ಅಷ್ಟರಲ್ಲಿ ಅತ್ತ ಸಿಡುಬು ಲಕ್ಕಲಕಟ್ಟಿಯ ಹೊಲ ದಾಟಿ ಸೂಡಿಯ ಹಾದಿ ಹಿಡಿದಿತ್ತು.

ಹೋಳಿ ಕಳೆದ ಮೇಲೆ ಸುದ್ದಿ ಬಂತು. ಜೋಳದ ಕೊಯ್ಲು ಮುಗಿಯುವ ಹೊತ್ತು. ನನಗೂ ಅಕ್ಕನಿಗೂ ಚಿಕ್ಕಂದಿನಲ್ಲಿ ಒಂದೇ ವರ್ಷ ಸಿಡುಬು ಬಂದುಹೋಗಿತ್ತು, ಮತ್ತೆ ಬರುವ ಭಯವಿರಲಿಲ್ಲ. ಸುಗುಣಳನ್ನು ನಮ್ಮವರ ಹತ್ತಿರ ಬಿಟ್ಟು ನಡೆದುಕೊಂಡೇ ಹೋದೆ. ಸೂಡಿಯ ಓಣಿಗಳಲ್ಲಿ ಜನರಿರಲಿಲ್ಲ. ಬಾಗಿಲು ಬಾಗಿಲಿಗೆ ಬೇವಿನ ತಪ್ಪಲು ತೂಗುತ್ತಿತ್ತು. ಯಾವ ಮನೆಯಿಂದಲೂ ಒಗ್ಗರಣೆಯ ವಾಸನೆ ಇಲ್ಲ, ಊರೆಲ್ಲ ಬೇವು. ಅಕ್ಕನ ಅತ್ತೆ ಬಾಗಿಲಲ್ಲಿ ನನ್ನನ್ನು ಕಂಡು ದಾರಿ ಬಿಟ್ಟಳು. ಹಿತ್ತಲಿನಿಂದಲ್ಲ, ಮುಂಬಾಗಿಲಿನಿಂದಲೇ ಒಳಗೆ ಹೋದೆ. ಆಗ ಯಾರೂ ಯಾವ ಪೈಕಿ ಎಂದು ಕೇಳಲಿಲ್ಲ.

ಈರಣ್ಣ ಬಾಳೆಲೆಯ ಮೇಲೆ ಮಲಗಿದ್ದ. ಗುರುತು ಹತ್ತುವ ಹಾಗಿರಲಿಲ್ಲ. ಅಕ್ಕ ಬೇವಿನ ಎಲೆಯಿಂದ ಅವನ ಮೈ ನೇವರಿಸುತ್ತ, "ತಾಯಿ, ತಣ್ಣಗಾಗು ತಾಯಿ," ಎನ್ನುತ್ತಿದ್ದಳು. ಅವಳಿಗೆ ಕೈ ಸೋತಾಗ ನಾನು ಎಲೆ ತೆಗೆದುಕೊಂಡೆ. ನೇವರಿಸುತ್ತ ನನ್ನ ಕರ್ತನನ್ನು ಕರೆದೆ. ಒಂದೇ ಎಲೆಯಿಂದ ಇಬ್ಬರು ಎರಡು ದೇವರನ್ನು ಬೇಡಿಕೊಂಡೆವು. ಇದಕ್ಕೆಲ್ಲ ಒಂದು ಗುಳ್ಳೆಯ ನೀರು ಸಾಕಾಗಿತ್ತಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಹುಡುಗ ನೀರು ನೀರು ಎಂದು ನರಳುತ್ತಿದ್ದ. ಅವನ ಕಣ್ಣು ಊದಿ ಮುಚ್ಚಿದ್ದವು.

ಅವನು ಉಳಿದ. ಗೌಡರ ಮನೆಯ ಎರಡೂ ಮಕ್ಕಳು ಉಳಿಯಲಿಲ್ಲ. ಒಂದು ದಿನ ಹಿತ್ತಲಲ್ಲಿ ಬಟ್ಟೆ ಕುದಿಸುತ್ತಿದ್ದಾಗ ಗೌಡರ ತಾಯಿ ಗೋಡೆಯ ಆಚೆ ಬಂದು ನಿಂತರು. ಬಯ್ಯಲಿ ಎಂದು ನಾನು ಎದ್ದು ನಿಂತೆ.

"ನಾ ಕೇಳಬಾರದಾಗಿತ್ತವಾ," ಎಂದರು. "ರಾಯರು ಮುಂದ ಬರ್ರಿ ಅಂದ್ರು. ನಾ ಸುಮ್ಮನ ಮುಂದ ಹೋಗಬೇಕಾಗಿತ್ತು."

"ನಾ ಹೇಳಬಾರದಾಗಿತ್ರಿ ಅಮ್ಮಾರ," ಎಂದೆ. ಅವರು ಗೋಡೆ ಹಿಡಿದುಕೊಂಡು ತಿರುಗಿ ಹೋದರು.

ಈರಣ್ಣನ ಮೈಮೇಲಿನ ಹಕ್ಕಳೆ ಉದುರಿದವು. ಮು‌ಖದ ಊತ ಇಳಿದು ರೆಪ್ಪೆ ಬಿಚ್ಚಿದವು. ಬಿಚ್ಚಿದ ಕಣ್ಣಿನ ಮೇಲೆ ಎರಡಕ್ಕೂ ಬಿಳಿ ಹೂ ಬಿದ್ದಿತ್ತು. "ಅವ್ವಾ, ದೀಪಾ ಹಚ್ಚು," ಎಂದ ಅವನು. ಅಂಗಳದಲ್ಲಿ ಸುಡು ಬಿಸಿಲಿತ್ತು. ಅಕ್ಕ ಎದ್ದು ಹೋಗಿ, ಆ ಹಗಲಿನಲ್ಲಿ ಖರೇನೇ ಒಂದು ದೀಪ ಹಚ್ಚಿ ತಂದಿಟ್ಟಳು.

ದೇವಿಯನ್ನು ಮೊಸರನ್ನದ ಎಡೆ ಇಟ್ಟು ಊರ ಗಡಿಗೆ ಕಳಿಸಿದ ಮರುದಿನ ನಾನು ಹೊರಟೆ. ಅಕ್ಕ ಮಗನನ್ನು ಕಂಕುಳಲ್ಲಿಟ್ಟುಕೊಂಡು ಊರ ಹೊರಗಿನವರೆಗೂ ಬಂದಳು. ಕೊಯ್ದ ಹೊಲಗಳಲ್ಲಿ ಜೋಳದ ಕೂಳೆ ಮಾತ್ರ ಉಳಿದಿತ್ತು. ಅಷ್ಟು ದಿನ ಒಂದೇ ಮನೆಯಲ್ಲಿದ್ದರೂ ಬೇವಿನ ಮರದ ಕೆಳಗಿನ ಆ ಮುಂಜಾನೆಯ ಮಾತು ಅವಳೂ ತೆಗೆದಿರಲಿಲ್ಲ, ನಾನೂ ತೆಗೆದಿರಲಿಲ್ಲ. ಹಾಗೆಯೇ ಹೋಗಲು ನನ್ನಿಂದ ಆಗಲಿಲ್ಲ.

"ಅಕ್ಕಾ, ಒಂದ್ಸಲ ಬೈದುಬಿಡು," ಎಂದೆ.

"ಯಾಕ ಬೈಲಿ? ನೀ ಖರೇ ಹೇಳಿದಿ."

"ಸುಳ್ಳು ಹೇಳಿದ್ರ ಪಾಪ ಅಂತ ಅಂಜಿದ್ನೆವಾ."

ಅಕ್ಕ ಮಗನನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು. ಸಿಟ್ಟಿನಿಂದಲ್ಲ, ಅರ್ಥವಾಗದ್ದನ್ನು ಕೇಳುವವರ ಹಾಗೆ ನನ್ನ ಮುಖ ನೋಡಿದಳು.

"ನಮ್ಮ ಅತ್ತಿ ಸುಳ್ಳು ಹೇಳಿದ್ಲು. ಆಕಿ ದೇವರು ಆಕೀನ ಏನೂ ಮಾಡಲಿಲ್ಲ," ಎಂದಳು. "ನಿಮ್ಮ ದೇವರು ಎಂಥಾ ಪಾಪಾನೂ ಮಾಫ ಮಾಡ್ತಾನ ಅಂತ ನಿನ್ನ ಗಂಡ ಸಂತ್ಯಾಗ ನಿಂತು ಸಾರತಾನಲ್ಲ ನೀಲಿ. ಅದೊಂದು ಸುಳ್ಳು ಮಾಫ ಮಾಡತಿದ್ದಿಲ್ಲೇನು?"

ನಾನು ಬಾಯಿ ತೆರೆಯುವಷ್ಟರಲ್ಲಿ ಬಿಸಿಲೇರುತ್ತದೆ ಎಂದು ಅವಳು ತಿರುಗಿ ನಡೆದಳು. ಅವಳ ಹೆಗಲ ಮೇಲಿಂದ ಈರಣ್ಣ, ನಾನಿಲ್ಲದ ಕಡೆಗೆ ಮುಖ ಮಾಡಿ, "ಸಣ್ಣವ್ವಾ, ಹೋಗಿ ಬಾ," ಎಂದು ಕೈ ಬೀಸಿದ. ಆ ಪ್ರಶ್ನೆಯನ್ನು ಆಮೇಲೆ ನಮ್ಮವರನ್ನು ಕೇಳಿದೆ, ಅವರು ಅಂದು ಮೊದಲ ಸಲ ಲಾಳಿ ಹಿಡಿದುಕೊಂಡು ಸುಮ್ಮನೆ ಕೂತರು. ಪಾದ್ರಿಗಳನ್ನು ಕೇಳಿದೆ, ಅವರು ಪ್ರಾರ್ಥನೆ ಮಾಡೋಣ ಎಂದರು. ಮಾಡಿದೆವು. ಮಾಡುತ್ತಲೇ ಇದ್ದೇನೆ. ಸುಳ್ಳಿಗೆ, ಸಿಟ್ಟಿಗೆ, ಹೊಟ್ಟೆಕಿಚ್ಚಿಗೆ ಕ್ಷಮೆ ಕೇಳುವುದು ನನಗೆ ಬಾಯಿಪಾಠ. ಖರೇ ಹೇಳಿದ್ದಕ್ಕೆ ಕ್ಷಮೆ ಕೇಳುವುದು ಹೇಗೆಂದು ಮಾತ್ರ ಯಾರೂ ಕಲಿಸಿಕೊಟ್ಟಿಲ್ಲ.